ಮನೆಮಾತಿನ ಕಾಲಂ

ಇಸ್ತ್ರಿಯಕ್ಕನ ಮನೆಯಲ್ಲಿ ಆ ತಿಂಗಳು ಎಲ್ಲರೂ ಊಟದ ಜೊತೆ ಫ್ರೆಂಚ್ ನಂಚಿಕೊಂಡರು.

ಮಗಳು ಚೂಟಿ ತಟ್ಟೆಯ ಪಕ್ಕ ಚೀಟಿಗಳ ಕಟ್ಟು ಇಟ್ಟುಕೊಂಡು ತುತ್ತಿಗೊಂದರಂತೆ ಎತ್ತುತ್ತಿದ್ದಳು. ಅರ್ಧ ಮೂಗಿನಲ್ಲಿ, ಅರ್ಧ ಗಂಟಲಲ್ಲಿ ಏನೋ ಗೊಣಗಿ, ಚೀಟಿ ತಿರುಗಿಸಿ ನೋಡಿ, ತಪ್ಪಾಗಿದ್ದಕ್ಕೆ ಹಣೆ ಚಚ್ಚಿಕೊಳ್ಳುತ್ತಿದ್ದಳು. ಬೇಯಿಸಿದ ಆಲೂಗಡ್ಡೆ ತಣ್ಣಗಾಗುತ್ತಿತ್ತು.

"ಏನೇ ಅದು, ನೆಗಡಿ ಆದೋರ ಭಾಷೆನಾ?" ಎಂದಳು ಅಜ್ಜಿ.

"ಅಜ್ಜೀ, ಸುಮ್ನಿರ್ತೀಯಾ?"

"ನಾನು ಸುಮ್ನೇ ಇದ್ದೀನಲ್ಲೇ. ಐದು ವರ್ಷದಿಂದ ಸುಮ್ನೇ ಇದ್ದೀನಿ. ಮೂಗಿ ಅಲ್ವಾ ನಾನು!"

ಇಸ್ತ್ರಿಯಕ್ಕ ಸೌಟನ್ನು ಪಾತ್ರೆಗೆ ಠಣ್ಣೆನ್ನುವಂತೆ ಬಡಿದಳು. ಅತ್ತೆಯ ಈ ಒಂದು ಮಾತು ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳಿನ ಹಾಗೆ. ನುಂಗಿದರೂ ಚುಚ್ಚುತ್ತಿತ್ತು, ಉಗುಳಿದರೂ ಚುಚ್ಚುತ್ತಿತ್ತು.

ಅವಳು ಇಂಟರ್‌ನ್ಯಾಷನಲ್ ಶಾಲೆಯ ಇಸ್ತ್ರಿ ಕೋಣೆಯಲ್ಲಿ ಕೆಲಸ ಮಾಡುವವಳು. ಹಾಸ್ಟೆಲ್ಲಿನ ಮಕ್ಕಳ ಕೋಟು, ಅಂಗಿ, ನಾಟಕದ ಪರದೆ, ಅತಿಥಿಗಳು ಬಂದಾಗ ಹಾಸುವ ಮೇಜುಬಟ್ಟೆ, ಎಲ್ಲವೂ ಅವಳ ಕೈಯಡಿ ಹಾದೇ ನೆಟ್ಟಗಾಗಬೇಕು. ಕೆಲಸದವರ ಮಕ್ಕಳಿಗೆಂದು ಶಾಲೆ ವರ್ಷಕ್ಕೆ ಎರಡು ಸೀಟು ಫೀಸಿಲ್ಲದೆ ಕೊಡುತ್ತಿತ್ತು. ಐದು ವರ್ಷದ ಹಿಂದೆ ಅದರಲ್ಲೊಂದು ಚೂಟಿಗೆ ಸಿಕ್ಕಿತ್ತು. ಈಗ ಹುಡುಗಿಗೆ ಹದಿನೇಳು. ಔಷಧಶಾಸ್ತ್ರ ಓದುವ ಆಸೆ. ಕಾಲೇಜೊಂದು ಉಚಿತ ಸೀಟು ಕೊಡುತ್ತೇವೆ ಎಂದು ಬರೆದೂ ಇತ್ತು. ಒಂದೇ ಷರತ್ತು: ಶಾಲೆಯ ಪೂರ್ತಿ ಸರ್ಟಿಫಿಕೇಟ್ ಬೇಕು.

ಪೂರ್ತಿ ಸರ್ಟಿಫಿಕೇಟ್ ಬೇಕಾದರೆ ಇಂಗ್ಲಿಷಿನ ಜೊತೆ ಇನ್ನೊಂದು ಭಾಷೆಯಲ್ಲಿ ಪಾಸಾಗಬೇಕು. ಆ ಇನ್ನೊಂದು ಭಾಷೆ ಎಂದರೆ ಫ್ರೆಂಚ್. ಏಳಕ್ಕೆ ನಾಲ್ಕು ಅಂಕ ಬಂದರೆ ಪಾಸು. ಪೂರ್ವಪರೀಕ್ಷೆಯಲ್ಲಿ ರಸಾಯನಶಾಸ್ತ್ರಕ್ಕೆ ಏಳು, ಗಣಿತಕ್ಕೆ ಆರು ತೆಗೆದ ಚೂಟಿಗೆ ಫ್ರೆಂಚಿನಲ್ಲಿ ಎರಡು ಬಂದಿತ್ತು.

"ಬೇರೆ ಮಕ್ಕಳಿಗೆ ಹೇಗೆ ಬರುತ್ತೆ?" ಎಂದ ಅಪ್ಪ. ಅವನು ಲಿಫ್ಟ್ ಮೆಕ್ಯಾನಿಕ್. ಊರಿನ ಮಂದಿಯನ್ನೆಲ್ಲ ಮೇಲೇರಿಸಿ, ಸಂಜೆ ತಾನು ಮಾತ್ರ ಲಿಫ್ಟಿಲ್ಲದ ಕಟ್ಟಡದ ನಾಲ್ಕನೇ ಮಹಡಿಗೆ ಏದುಸಿರು ಬಿಡುತ್ತ ಹತ್ತುವವನು.

"ಬೇರೆ ಮಕ್ಕಳು ಬೇಸಿಗೆ ರಜಕ್ಕೆ ಪ್ಯಾರಿಸ್‌ಗೆ ಹೋಗ್ತಾರಪ್ಪ. ನಾನು ರಜಕ್ಕೆ ಅಮ್ಮನ ಜೊತೆ ಪರದೆ ಮಡಚ್ತೀನಿ."

ಅಜ್ಜಿ ಮೊಮ್ಮಗಳ ತಟ್ಟೆಗೆ ತನ್ನ ಪಾಲಿನ ಮೊಟ್ಟೆ ಜರುಗಿಸಿದಳು.

ಮರುವಾರ ಚೂಟಿ ಶಾಲೆಯಿಂದ ಬಂದವಳು ಶೂ ಸಹ ಬಿಚ್ಚದೆ ಅಡುಗೆ ಕಟ್ಟೆಯ ಮುಂದೆ ನಿಂತಳು. ಇಸ್ತ್ರಿಯಕ್ಕ ಈರುಳ್ಳಿ ಹೆಚ್ಚುತ್ತಿದ್ದಳು.

"ಅಮ್ಮ, ನನ್ನ ಅಡ್ಮಿಷನ್ ಫಾರ್ಮಿನಲ್ಲಿ ಏನು ಬರೆದಿದ್ದೆ?"

ಚಾಕು ನಿಂತಿತು.

"ನಮ್ಮ ಕ್ಲಾಸಲ್ಲಿ ಹಡಗು ಕಂಪನಿ ಮ್ಯಾನೇಜರ್ ಮಗಳಿದ್ದಾಳಲ್ಲ, ಅವಳು ಫ್ರೆಂಚ್ ತಗೊಂಡೇ ಇಲ್ಲ. ಅವಳ ಮನೆಮಾತಲ್ಲೇ ಪರೀಕ್ಷೆ ಬರೀತಾಳೆ. ನಿಯಮ ಇದೆ ಅಮ್ಮ! ಮನೆಯಲ್ಲಿ ಬೇರೆ ಭಾಷೆ ಆಡ್ತಾರೆ ಅಂತ ತೋರಿಸಿದ್ರೆ ಸಾಕು. ಮನೆ ಹಿರಿಯರೊಬ್ಬರು ಬಂದು ಅರ್ಧ ಗಂಟೆ ಮಗು ಜೊತೆ ಮಾತಾಡಬೇಕು, ಆ ಭಾಷೆಯ ಮೇಷ್ಟ್ರು ಒಬ್ಬರು ಕಂಪ್ಯೂಟರಿನಲ್ಲಿ ಕೇಳಿಸ್ಕೋತಾರೆ, ಅಷ್ಟೇ. ಅವಳ ಅಜ್ಜಿ ವಿಮಾನದಲ್ಲಿ ಬಂದಿದ್ರು."

"ಗೊತ್ತು," ಎಂದಳು ಇಸ್ತ್ರಿಯಕ್ಕ ಮೆಲ್ಲಗೆ. ಆ ಅಜ್ಜಿಗೆ ಚಹಾ ಕೊಟ್ಟ ಮೇಜಿನ ಬಟ್ಟೆಗೆ ಇಸ್ತ್ರಿ ಹಾಕಿದವಳು ಅವಳೇ. ಮುದುಕಿಗೆ ಹೂಗುಚ್ಛ ಕೊಟ್ಟಿದ್ದನ್ನೂ ಕಿಟಕಿಯಿಂದ ನೋಡಿದ್ದಳು. ಯಾತಕ್ಕೆಂದು ಮಾತ್ರ ಕೇಳಿರಲಿಲ್ಲ. ಇಸ್ತ್ರಿ ಕೋಣೆಗೆ ಬಟ್ಟೆ ಬರುತ್ತದೆ, ಸುದ್ದಿ ಬರುವುದಿಲ್ಲ.

"ನಾನು ಪರೀಕ್ಷಾ ಮೇಡಂ ಹತ್ರ ಹೋದೆ. ಫೈಲು ತೆಗೆದು ನೋಡಿದ್ರು. 'ನಿಮ್ಮ ಮನೆಯಲ್ಲಿ ಬೇರೆ ಭಾಷೆಯೇ ಇಲ್ಲವಲ್ಲ, ಮನೆಮಾತು ಇಂಗ್ಲಿಷ್ ಅಂತಿದೆ' ಅಂದ್ರು. ಇಂಗ್ಲಿಷ್! ಈ ಮನೆಯಲ್ಲಿ!" ಚೂಟಿಯ ದನಿ ಒಡೆಯಿತು. "ಆಮೇಲೆ ಹೇಳಿದ್ರು, ಅಜ್ಜಿಗೆ ಮಾತೇ ಬರಲ್ಲ ಅಂತ ಬರೆದಿದೆಯಂತೆ. ಅಜ್ಜಿ ದಿನಾ ಹೇಳೋದು ತಮಾಷೆ ಅಂದ್ಕೊಂಡಿದ್ದೆ ನಾನು."

ಕಿಟಕಿಯ ಬಳಿ ಬಟ್ಟೆ ಮಡಚುತ್ತಿದ್ದ ಅಜ್ಜಿ ತಲೆ ಎತ್ತಲಿಲ್ಲ.

ಆಗಿದ್ದು ಹೀಗೆ. ಫಾರ್ಮು ತುಂಬಲು ಹೋದ ದಿನ ಆಫೀಸಿನ ಗುಮಾಸ್ತ ಆಚೀಚೆ ನೋಡಿ, ಅವಳದೇ ಭಾಷೆಯಲ್ಲಿ ಕಿವಿಮಾತು ಹೇಳಿದ್ದ: "ಅಕ್ಕಾ, ಮನೆಮಾತಿನ ಕಾಲಂನಲ್ಲಿ ಇಂಗ್ಲಿಷ್ ಅಂತ ಬರೀರಿ. ನಮ್ಮ ಭಾಷೆ ಅಂತ ಬರೆದ್ರೆ ಹುಡುಗಿ ಹಿಂದೆ ಬೀಳ್ತಾಳೆ ಅಂತ ಸೀಟು ಬೇರೆಯವರಿಗೆ ಕೊಡ್ತಾರೆ." ಅವಳು ಬರೆದಳು. ಹದಿನೈದು ದಿನಕ್ಕೆ ಶಾಲೆಯವರು ಮನೆ ನೋಡಲು ಬರುತ್ತಾರೆಂದು ತಿಳಿಯಿತು. ಗಂಡ ಮೂರು ಇಂಗ್ಲಿಷ್ ವಾಕ್ಯ ಬಾಯಿಪಾಠ ಮಾಡಿದ. ಅದರಲ್ಲೊಂದು ಹವಾಮಾನದ ಬಗ್ಗೆ. ಆದರೆ ಅತ್ತೆಯನ್ನು ಎಲ್ಲಿಡುವುದು? ಎರಡು ಕೋಣೆಯ ಮನೆ. ಅವಳ ದನಿಯೋ, ಬೀದಿಯ ತುದಿಗೂ ಕೇಳುವಂಥದ್ದು. "ಅತ್ತೇ, ಹತ್ತು ನಿಮಿಷ. ಮೂಗಿ ಥರ ಕೂತ್ಕೊಂಡುಬಿಡಿ, ನಿಮ್ಮ ಕಾಲಿಗೆ ಬೀಳ್ತೀನಿ," ಎಂದಿದ್ದಳು ಇಸ್ತ್ರಿಯಕ್ಕ.

ಅತ್ತೆ ಕೂತಿದ್ದಳು. ಮೂವತ್ತು ವರ್ಷ ನೂಲಿನ ಗಿರಣಿಯಲ್ಲಿ ದುಡಿದು, ಗಿರಣಿಯ ಗೇಟಿನಲ್ಲಿ ಮೈಕಿಲ್ಲದೆ ಭಾಷಣ ಮಾಡಿ, ಬೀದಿಯವರಿಂದ 'ಸೈರನ್ ಅಜ್ಜಿ' ಎಂದು ಹೆಸರು ಪಡೆದವಳು ಹತ್ತು ನಿಮಿಷ ತುಟಿ ಹೊಲಿದುಕೊಂಡು ಕೂತಳು. ಬಂದಾಕೆ, ಅಜ್ಜಿಗೆ ಮಾತು ಬರುವುದಿಲ್ಲ ಎಂದು ಸೊಸೆ ಹೇಳಿದ್ದನ್ನು ಬರೆದುಕೊಂಡು, ಅವಳ ತಲೆ ಸವರಿ, ಪಾಪ ಎಂಬಂತೆ ಲೊಚಗುಟ್ಟಿ ಹೋದಳು. ಆ ಲೊಚಗುಟ್ಟುವಿಕೆಯನ್ನು ಅಜ್ಜಿ ಮರೆಯಲಿಲ್ಲ.

"ಯಾಕಮ್ಮ?" ಎಂದಳು ಚೂಟಿ ಈಗ.

"ಯಾಕೆ ಅಂತ ಕೇಳ್ತೀಯಾ? ಯಾರಿಗೋಸ್ಕರ ಮಾಡಿದೆ ನಾನು? ನನ್ನ ಹಾಗೆ ನೀನೂ ಇನ್ನೊಬ್ಬರ ಕಾಲರ್ ಉಜ್ಜಬೇಕಿತ್ತಾ?" ಈರುಳ್ಳಿಯ ನೆಪ ಸಿಕ್ಕಿದ್ದು ಒಳ್ಳೆಯದಾಯಿತು, ಕಣ್ಣೀರಿಗೆ ಯಾರೂ ಲೆಕ್ಕ ಕೇಳಲಿಲ್ಲ. "ಅವರ ಮನೆಮಾತಿಗೆ ಹೂಗುಚ್ಛ. ನಮ್ಮದಕ್ಕೆ ಸೀಟಿಲ್ಲ. ಈ ನಿಯಮ ಮಾಡಿದ್ದು ನಾನಲ್ಲ!"

"ನಾನು ಸೀಟು ಕೇಳಿದ್ನಾ? ಅಜ್ಜೀನ ಮೂಗಿ ಮಾಡು ಅಂದ್ನಾ?"

ಇಸ್ತ್ರಿಯಕ್ಕ ಎತ್ತಿದ ಕೈಯನ್ನು ಹಾಗೆಯೇ ಇಳಿಸಿದಳು. ಚೂಟಿ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಜ್ಜಿ ಮಡಚಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚಿದಳು.

ಇಸ್ತ್ರಿಯಕ್ಕ ಸುಲಭಕ್ಕೆ ಸೋಲುವವಳಲ್ಲ. ಮರುದಿನವೇ ಫ್ರೆಂಚ್ ಮೇಡಂ ಮುಂದೆ ನಿಂತಳು. ಮೇಡಂ ಮನೆಯ ಕಿಟಕಿಗಳು ಆಳೆತ್ತರದವು, ಹದಿನಾರು ಪರದೆ. ಅವನ್ನು ಒಗೆದು, ಇಸ್ತ್ರಿ ಹಾಕಿ, ಕೊಂಡಿ ಸಿಕ್ಕಿಸಿ ಕೊಡುತ್ತೇನೆ, ಭಾನುವಾರ ಹುಡುಗಿಗೆ ಎರಡು ತಾಸು ಹೇಳಿಕೊಡಿ ಎಂದು ಬೇಡಿದಳು. ಮೇಡಂ ಒಳ್ಳೆಯವಳು, ಒಪ್ಪಿದಳು. ಮೂರು ಭಾನುವಾರ ಮುಂದಿನ ಕೋಣೆಯಲ್ಲಿ ಮಗಳು ತಡವರಿಸುವುದು, ಹಿಂದಿನ ಕೋಣೆಯಲ್ಲಿ ತಾಯಿ ಹಬೆ ಬಿಡುವುದು ನಡೆಯಿತು. ಪರದೆಯ ಆಚೆಯಿಂದ ಮಗಳ ದನಿ ಕೇಳಿದಾಗ ಇಸ್ತ್ರಿಯಕ್ಕನಿಗೆ ಮೈಯೆಲ್ಲ ಬಿಸಿಯಾಗುತ್ತಿತ್ತು. ಮನೆಯಲ್ಲಿ ಅಜ್ಜಿಯ ಜೊತೆ ಮಾತಿಗೆ ಮಾತು ಬೆಸೆದು ಗೆಲ್ಲುವ ಹುಡುಗಿ ಇಲ್ಲಿ, 'ಇದು ಕುರ್ಚಿ' ಎನ್ನಲು ಬೆವರುತ್ತಿದ್ದಳು.

"ಮಗು ಜಾಣೆ," ಎಂದಳು ಮೇಡಂ ಕೊನೆಯ ದಿನ, ಬಿಡಿಬಿಡಿ ಇಂಗ್ಲಿಷಿನಲ್ಲಿ, ಅರ್ಥವಾಗಲೆಂದು. "ಆದರೆ ಭಯ. ತುಂಬಾ ಭಯ."

ಎರಡನೇ ಪೂರ್ವಪರೀಕ್ಷೆಯಲ್ಲಿ ಮೂರು ಬಂತು.

"ಹದಿನಾರು ಪರದೆಗೆ ಒಂದು ಅಂಕ," ಎಂದಳು ಚೂಟಿ. ನಗಲಿಲ್ಲ. ತಾಯಿಯ ಜೊತೆ ಆ ವಾರದಲ್ಲಿ ಅವಳಾಡಿದ ಮೊದಲ ಮಾತದು. "ಮನೆಮಾತಿಗೆ ಬದಲಾಯಿಸಿಕೊಳ್ಳೋಕೆ ಶುಕ್ರವಾರ ಕೊನೇ ದಿನ. ಆಮೇಲೆ ಮುಗೀತು."

ಅಂದು ಬುಧವಾರ. ಊಟಕ್ಕೆ ಬ್ರೆಡ್ಡು, ಬೇಳೆಯ ಗಂಜಿ. ಗಂಡ ತಟ್ಟೆ ಮುಟ್ಟದೆ ಹೇಳಿದ: "ಫಾರ್ಮಿನಲ್ಲಿ ಸುಳ್ಳು ಬರೆದಿದ್ರೆ ಸೀಟು ರದ್ದು ಅಂತ ಕೆಳಗೇ ಅಚ್ಚು ಹಾಕಿದ್ದಾರೆ. ನಿನ್ನ ಸಹಿ ಇದೆ. ಕೆಲಸವೂ ಹೋಗುತ್ತೆ. ಅತ್ತ ದರಿ, ಇತ್ತ ಪುಲಿ."

"ಹಾಗಂತ ಕೂತ್ಕೊಳ್ಳೋಣ್ವಾ? ಫ್ರೆಂಚಿಲ್ಲದೆ ಕಾಲೇಜು ಇಲ್ಲ ರೀ."

"ಏನಾದ್ರೂ ಹೇಳಿದ್ರಾಯ್ತು. ಅಮ್ಮನಿಗೆ ಆಮೇಲೆ ಮಾತು ಬಂತು ಅನ್ನೋಣ. ಔಷಧಿ ಕೊಡಿಸಿದ್ವಿ ಅಂತ."

ಅಜ್ಜಿ ಚಮಚ ಕೆಳಗಿಟ್ಟಳು. "ಭಲೇ ಮಗನೇ! ಲಿಫ್ಟು ಕೆಟ್ಟರೆ ರಿಪೇರಿ, ಅಮ್ಮ ಕೆಟ್ಟರೂ ರಿಪೇರಿ. ಗ್ರೀಸ್ ಹಾಕಿದ್ರಾ ನನ್ನ ನಾಲಿಗೆಗೆ?"

"ಅಮ್ಮ, ತಮಾಷೆ ಸಾಕು..."

"ತಮಾಷೆ ಅಲ್ಲ. ಒಂದು ಸುಳ್ಳಿಗೆ ನಾನು ಮೂಗಿ ಆದೆ. ಇನ್ನೊಂದು ಸುಳ್ಳಿಗೆ ರೋಗಿ ಆಗಲ್ಲ." ಸೊಸೆಯ ಕಡೆ ತಿರುಗಿದಳು. ದನಿ ಏರಲಿಲ್ಲ, ಅದೇ ಭಯ ಹುಟ್ಟಿಸುವಂತಿತ್ತು. "ನೋಡಮ್ಮ, ಮೊಮ್ಮಗಳಿಗೋಸ್ಕರ ನಾನು ಬರ್ತೀನಿ. ಆದ್ರೆ ನನ್ನ ಬಾಯಿ ಕಟ್ಟಿದ ಕೈಯೇ ಬಿಚ್ಚಬೇಕು. ನೀನು ಆ ಮೇಡಂ ಮುಂದೆ ನಿಂತು ಹೇಳು, ನಮ್ಮ ಅತ್ತೆಗೆ ಮಾತು ಬರುತ್ತೆ, ಬರಲ್ಲ ಅಂತ ಹೇಳಿದೋಳು ನಾನು ಅಂತ. ನಮ್ಮ ಭಾಷೇಲೇ ಹೇಳು. ಆಮೇಲೆ ನಾನು ಬಾಯಿ ಬಿಡ್ತೀನಿ. ಇಲ್ಲಾಂದ್ರೆ ಮೂಗೀನೇ ಸರಿ."

"ನನ್ನ ಕೆಲಸ ಹೋಗಲಿ ಅಂತ ಅಲ್ವಾ ನಿಮಗೆ? ಐದು ವರ್ಷದ ಸೇಡು!"

"ಸೇಡಾಗಿದ್ರೆ ಅವತ್ತೇ ಬಾಯಿ ಬಿಡ್ತಿದ್ದೆ ಕಣೇ, ಆ ಹೆಂಗಸು ನನ್ನ ತಲೆ ಸವರಿದಾಗ. ಒಂದೇ ಒಂದು ಮಾತು ಸಾಕಿತ್ತು."

ಇಸ್ತ್ರಿಯಕ್ಕ ಎದ್ದು ಪಾತ್ರೆ ತೊಳೆಯತೊಡಗಿದಳು. ತೊಳೆದಿದ್ದ ಪಾತ್ರೆಯನ್ನೂ ತೊಳೆದಳು. ಗುರುವಾರ ಶಾಲೆಯಲ್ಲಿ ಒಂದು ಕೋಟಿನ ತೋಳು ಸುಟ್ಟಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ. ಸಂಜೆ ಮನೆಗೆ ಬಂದು, ಅತ್ತೆಯ ಪೆಟ್ಟಿಗೆಯ ತಳದಲ್ಲಿದ್ದ ಗಿರಣಿಯ ಕಾಲದ ನೀಲಿ ಕೋಟು ತೆಗೆದು, ನೀರು ಚಿಮುಕಿಸಿ, ಗೆರೆ ಬೀಳದಂತೆ ಇಸ್ತ್ರಿ ಹಾಕಿ ಕುರ್ಚಿಯ ಬೆನ್ನಿಗೆ ತೂಗಿಹಾಕಿದಳು. ಅಜ್ಜಿ ನೋಡಿದಳು.

ಶುಕ್ರವಾರ ಪರೀಕ್ಷಾ ಮೇಡಂ ಕೋಣೆಯಲ್ಲಿ ಮೇಜುಬಟ್ಟೆ ಇರಲಿಲ್ಲ, ಚಹಾ ಇರಲಿಲ್ಲ. ಕಂಪ್ಯೂಟರಿನ ಪರದೆಯ ಮೇಲೆ, ಚೂಟಿ ಗುರುವಾರವೇ ಕೊಟ್ಟಿದ್ದ ಅರ್ಜಿಯಂತೆ ಸಿದ್ಧರಾಗಿದ್ದ, ಎಲ್ಲಿಯೋ ಕೂತ ವಯಸ್ಸಾದ ಮೇಷ್ಟರೊಬ್ಬರು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಮೇಡಂ ಫೈಲು ತೆರೆದು ಚೂಟಿಗೆ ಇಂಗ್ಲಿಷಿನಲ್ಲಿ ಕೇಳಿದಳು, ಮಾತು ಬಾರದವರನ್ನು ಯಾಕೆ ಕರೆತಂದಿರಿ ಎಂದು.

ಇಸ್ತ್ರಿಯಕ್ಕ ಕೆಲಸದ ಏಪ್ರನ್ನಿನಲ್ಲೇ ಬಂದಿದ್ದಳು.

"ನಮ್ಮ ಅತ್ತೆಗೆ ಮಾತು ಬರುತ್ತೆ," ಎಂದಳು ತನ್ನ ಭಾಷೆಯಲ್ಲಿ. "ನಮ್ಮ ಮನೆಯಲ್ಲಿ ಎಲ್ಲರೂ ಇದೇ ಭಾಷೆ ಆಡೋದು. ಇಂಗ್ಲಿಷ್ ಅಂತ ಬರೆದವಳು ನಾನು. ಅವರನ್ನ ಮೂಗಿ ಅಂತ ಹೇಳಿದವಳೂ ನಾನೇ. ನಿಜ ಬರೆದಿದ್ರೆ ನನ್ನ ಮಗಳನ್ನ ಒಳಗೆ ಬಿಡ್ತಿರಲಿಲ್ಲ."

"ಏನು ಹೇಳುತ್ತಿದ್ದಾರೆ?" ಎಂದಳು ಮೇಡಂ.

ಚೂಟಿ ತಾಯಿಯ ಮುಖ ನೋಡಿದಳು. ತಾಯಿಯ ಕೆಲಸವನ್ನು ತನ್ನ ಬಾಯಿಂದಲೇ ಕಳೆಯಬೇಕಿತ್ತು. "ನನಗೆ ಹೇಳೋಕೆ ಆಗಲ್ಲ ಅಮ್ಮ," ಎಂದು ಪಿಸುಗುಟ್ಟಿದಳು.

"ಹೇಳು. ಒಂದಕ್ಷರ ಬಿಡಬೇಡ."

ಹುಡುಗಿ ಹೇಳಿದಳು. ಮೇಡಂ ಕೈಯ ಪೆನ್ನು ಒಂದು ಗಳಿಗೆ ನಿಂತು, ಆಮೇಲೆ ಏನೋ ಬರೆದುಕೊಂಡಿತು. "ಇದನ್ನು ಆಫೀಸಿಗೆ ತಿಳಿಸಲೇಬೇಕಾಗುತ್ತದೆ," ಎಂದಳು. ಪರದೆಯೊಳಗಿನ ಮೇಷ್ಟರು ಮಾತ್ರ ಕನ್ನಡಕ ಏರಿಸಿ, "ತಿಳಿಸಿ. ಮೊದಲು ನನ್ನ ಅರ್ಧ ಗಂಟೆ ನನಗೆ ಕೊಡಿ," ಎಂದು, ಭಾಷೆ ಬದಲಿಸಿ ಅಜ್ಜಿಗೆ ಹೇಳಿದರು: "ಅಮ್ಮಾ, ಕೂತ್ಕೊಳ್ಳಿ. ಮೊಮ್ಮಗಳು ಏನಾದ್ರೂ ಕೇಳ್ತಾಳೆ."

"ಕೂತು ಮಾತಾಡಿ ಅಭ್ಯಾಸ ಇಲ್ಲಪ್ಪ," ಎಂದಳು ಅಜ್ಜಿ. ನೀಲಿ ಕೋಟಿನ ಗುಂಡಿ ಹಾಕಿಕೊಂಡು ನಿಂತಳು.

"ಅಜ್ಜಿ, ಗಿರಣಿಯಲ್ಲಿ ಮೊದಲ ಸಲ ಭಾಷಣ ಮಾಡಿದ್ದು ಯಾವಾಗ?" ಚೂಟಿ ಬರೆದುಕೊಂಡು ತಂದಿದ್ದ ಪ್ರಶ್ನೆ ಅದಲ್ಲ. ಚೀಟಿ ಅವಳ ಮುಷ್ಟಿಯಲ್ಲಿ ಮುದ್ದೆಯಾಗಿತ್ತು.

"ಕಕ್ಕಸಿಗೆ ಹೋಗೋಕೂ ಟೋಕನ್ ಇಟ್ಟಾಗ. ಪಾಳಿಗೆ ಎರಡೇ ಟೋಕನ್. ಬಸುರಿ ಒಬ್ಬಳು ಯಂತ್ರದ ಪಕ್ಕದಲ್ಲೇ ಒದ್ದೆ ಮಾಡ್ಕೊಂಡು ಅತ್ತಳು. ಅವತ್ತು ಸಂಜೆ ಗೇಟಿಗೆ ಅಡ್ಡ ನಿಂತೆ."

"ಹೆದರಿಕೆ ಆಗ್ಲಿಲ್ವಾ?"

"ಆಗ್ದೆ ಏನು? ಕಾಲು ಗಡಗಡ ನಡುಗ್ತಿತ್ತು. ಕಾಣಬಾರದು ಅಂತ ಎಣ್ಣೆ ಡ್ರಮ್ಮಿಗೆ ಒತ್ತಿಕೊಂಡು ನಿಂತೆ. ಮುಂದೆ ನಿಂತೋರು ಹೇಗಿದ್ರೂ ಕೇಳ್ತಾರೆ ಕಣೇ. ಹಿಂದೆ ನಿಂತೋರಿಗೆ ಕೇಳಬೇಕು, ಅದು ಮಾತು."

ಪ್ರಶ್ನೆಗೆ ಪ್ರಶ್ನೆ ಹುಟ್ಟಿತು. ಚೂಟಿ ಅಡ್ಡ ಬಾಯಿ ಹಾಕಿದಳು, ವಾದಿಸಿದಳು, ಒಮ್ಮೆ ಜೋರಾಗಿ ನಕ್ಕಳು. ಕಾರಿಡಾರಿನಲ್ಲಿ ನೆಲ ಒರೆಸುತ್ತಿದ್ದವಳ ಕೋಲು ನಿಂತಿತು. ಬಾಗಿಲ ಬಳಿ ಕಾವಲುಗಾರ ಇಣುಕಿದ. ಅರ್ಧ ಗಂಟೆ ಮುಕ್ಕಾಲು ಗಂಟೆಯಾಯಿತು. ಕೊನೆಗೆ ಮೇಷ್ಟರು ಮೇಡಂ ಕಡೆ ನೋಡಿ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟೇ: "ಈ ಮಗುವಿಗೆ ಈ ಭಾಷೆ ಇದೆ. ನಾನು ಸಹಿ ಹಾಕುತ್ತೇನೆ."

ಫ್ರೆಂಚಿನ ಚೀಟಿಗಳನ್ನು ಚೂಟಿ ಅಂದೇ ರಬ್ಬರು ಹಾಕಿ ಕಪಾಟಿನಲ್ಲಿಟ್ಟಳು. ಸಂಜೆ ಅವಳು ತಾಯಿಯ ಪಕ್ಕ ಕೂತು ಈರುಳ್ಳಿ ಹೆಚ್ಚಿದಳು. ಸೋಮವಾರ ಇಸ್ತ್ರಿ ಕೋಣೆಗೆ ಪತ್ರ ಬಂತು. ಸುಳ್ಳು ಮಾಹಿತಿ ಕೊಟ್ಟದ್ದಕ್ಕೆ ಮೂರು ದಿನದಲ್ಲಿ ಲಿಖಿತ ವಿವರಣೆ ಕೊಡಬೇಕು. ಆಮೇಲೆ ಸೀಟಿನ ಬಗ್ಗೆಯೂ ಕೆಲಸದ ಬಗ್ಗೆಯೂ ಆಡಳಿತ ಮಂಡಳಿ ತೀರ್ಮಾನಿಸುತ್ತದೆ.

"ನಾನು ಇಂಗ್ಲಿಷಿನಲ್ಲಿ ಬರೆದು ಕೊಡ್ತೀನಿ ಅಮ್ಮ. ಕ್ಷಮೆ ಕೇಳಿ, ಚೆನ್ನಾಗಿ," ಎಂದಳು ಚೂಟಿ.

"ಬೇಡ. ನಮ್ಮ ಭಾಷೇಲಿ ನಾನೇ ಬರೀತೀನಿ, ಪೆನ್ನು ಕೊಡು."

ಏಳನೇ ತರಗತಿಗೆ ನಿಂತ ಕೈಬರಹ. ಎರಡು ಪುಟಕ್ಕೆ ಎರಡು ಸಂಜೆ ಹಿಡಿಯಿತು. ಗಂಡ ಒಮ್ಮೆ ಇಣುಕಿ, "ಗುಮಾಸ್ತನ ವಿಷಯ ಯಾಕೆ ಬರೀತೀಯೆ? ಪಾಪ, ಒಳ್ಳೇದಕ್ಕೇ ಹೇಳಿದ್ದ," ಎಂದ. "ಅವನ ಹೆಸರು ಬರೆದಿಲ್ಲ. ಆ ಕಾಲಂ ಇಟ್ಟೋರ ಬಗ್ಗೆ ಬರೆದಿದ್ದೀನಿ," ಎಂದಳು ಇಸ್ತ್ರಿಯಕ್ಕ, ತಲೆ ಎತ್ತದೆ. ಅತ್ತೆ ಚಹಾ ಮಾಡಿ ಸೊಸೆಯ ಮುಂದಿಟ್ಟಳು. ಆ ಮನೆಯಲ್ಲಿ ಅದು ಹಿಂದೆಂದೂ ನಡೆದ ಸಂಗತಿಯಲ್ಲ.

ಗುರುವಾರ ಬೆಳಿಗ್ಗೆ ಆಫೀಸಿನ ಕೌಂಟರಿನಲ್ಲಿ ಅದೇ ಗುಮಾಸ್ತ. ಕಾಗದ ತೆಗೆದುಕೊಂಡು ಕಣ್ಣಾಡಿಸಿದವನ ಮುಖ ಬಿಳಿಚಿತು. ಇಂಗ್ಲಿಷಿನಲ್ಲಿ ಹೇಳಿದ: "ಇದು ನಡೆಯೋದಿಲ್ಲ. ಇದನ್ನು ಇಲ್ಲಿ ಯಾರೂ ಓದಲಾರರು."

ಇಸ್ತ್ರಿಯಕ್ಕ ಕೌಂಟರಿನ ಹಲಗೆಗೆ ಮೊಣಕಾಲು ಒತ್ತಿಕೊಂಡಳು. ಬೆನ್ನ ಹಿಂದೆ ಯಾರೋ ಕೆಮ್ಮಿದರು. ತಿರುಗಿ ನೋಡಿದಳು. ಕಾವಲುಗಾರ ನಿಂತಿದ್ದ. ಅವನ ಮಗ ಆರನೇ ತರಗತಿಯಲ್ಲಿದ್ದ. ಅವನ ಹಿಂದೆ ಅಡುಗೆ ಮನೆಯಲ್ಲಿ ತಟ್ಟೆ ತೊಳೆಯುವವಳು; ಅವಳ ಮಗಳು ಎಂಟರಲ್ಲಿ. ಅವಳ ಹಿಂದೆ ನೆಲ ಒರೆಸುವವಳು, ಕೋಲು ಹಿಡಿದುಕೊಂಡೇ.

"ನಾವೂ ಇಂಗ್ಲಿಷ್ ಅಂತಾನೇ ಬರೆದಿದ್ವಿ ಅಕ್ಕ," ಎಂದ ಕಾವಲುಗಾರ ತಗ್ಗಿದ ದನಿಯಲ್ಲಿ. "ಎಲ್ಲರೂ."

ಇಸ್ತ್ರಿಯಕ್ಕ ಗುಮಾಸ್ತನ ಕಡೆ ತಿರುಗಿದಳು.

"ನಿಮಗೆ ಓದೋಕೆ ಬರುತ್ತೆ ಸಾರ್. ಅವತ್ತು ನನ್ನ ಕಿವಿಯಲ್ಲಿ ಹೇಳಿದ್ದು ಇದೇ ಭಾಷೇಲಿ." ಕಾಗದವನ್ನು ಅವನ ಕಡೆಗೆ ನೆಟ್ಟಗೆ ತಿರುಗಿಸಿ, ಮಡಿಕೆಯನ್ನು ಅಂಗೈಯಿಂದ ಒತ್ತಿ ಸಾಪು ಮಾಡಿದಳು. "ಓದಿ. ಕಿವಿಯಲ್ಲಿ ಬೇಡ. ಜೋರಾಗಿ ಓದಿ, ಹಿಂದೆ ನಿಂತೋರಿಗೆ ಕೇಳಬೇಕು."